ಸುಖ್ನಾ ಕಮರಿಗೆ ಇಳಿದ ಸವತಿಯರು

ನೌಫಾಳ ಹೊಟ್ಟೆಯಲ್ಲಿ ಮಗು ನಿಲ್ಲಲಿಲ್ಲ. ಗಂಡ ಮುಕ್ಬಿಲ್ ಕೆಲವು ವರ್ಷ ಕಾದ, ಆಮೇಲೆ ತುರ್ಫಾಳನ್ನು ಮದುವೆಯಾಗಿ ತಂದ. ಹೊಸ ಹೆಣ್ಣು ಡೇರೆಗೆ ಕಾಲಿಟ್ಟ ದಿನ ಬಂದ ನೆಂಟರಿಗೆಲ್ಲ ಚಹಾ ಕಾಯಿಸಿ ಕೊಟ್ಟವಳು ನೌಫಾಳೇ. ಮುಖದಲ್ಲಿ ಏನನ್ನೂ ತೋರಗೊಡಲಿಲ್ಲ. ಮರುದಿನ ಬೆಳಗ್ಗೆ ಎದ್ದವಳೇ ಒಬ್ಬಳೇ ಸುಖ್ನಾ ಕಮರಿಗೆ ಇಳಿದು, ತಳದಲ್ಲಿರುವ ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆಮಟ್ಟ ಮುಳುಗಿ ಕೂತಳು. ಸಂಜೆ ಮೇಲೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದುದಕ್ಕೆ ಗಂಧಕದ ಹಬೆ ಕಾರಣವೆಂದು ಎಲ್ಲರೂ ಒಪ್ಪಿಕೊಂಡರು.

ಅಲ್ಲಿಂದ ಆ ದಾರಿ ಅವಳದಾಯಿತು. ಸೊಂಟ ಹಿಡಿದವರು, ಬಾಣಂತನದ ನಂಜು ಇಳಿಯದವರು, ಮೈಕೈ ನೋವಿನ ಮುದುಕಿಯರು, ಯಾರಿಗೆ ಬಿಸಿನೀರು ಬೇಕೆಂದರೂ ನೌಫಾಳನ್ನೇ ಕೇಳಬೇಕು. ಅವಳು ಕತ್ತೆಯ ಮೇಲೆ ಕೂರಿಸಿ, ಕಣಗಿಲೆ ಪೊದೆಗಳ ನಡುವೆ ಇಳಿಸಿ, ಕಲ್ಲಿಂದ ಕಲ್ಲಿಗೆ ಕೈಹಿಡಿದು ದಾಟಿಸಿ ಕರೆದೊಯ್ಯುತ್ತಿದ್ದಳು. ಹೆಂಗಸರು ಕೆಳಗಿದ್ದಾರೆಂದು ತಿಳಿದರೆ ಗಂಡಸರು ದೂರದ ತಿರುವಿನಲ್ಲೇ ಕೂಗು ಹಾಕಿ ನಿಲ್ಲಬೇಕು. ಕೂಗದೆ ಬಂದ ಒಬ್ಬನ ಹಣೆಗೆ ನೌಫಾ ಎಸೆದ ಕಲ್ಲಿನ ಗುರುತು ಇನ್ನೂ ಇದೆ.

ಆದರೆ ತುರ್ಫಾ ಮಾತ್ರ ಒಮ್ಮೆಯೂ ಆ ನೀರಿಗೆ ಇಳಿದಿರಲಿಲ್ಲ. ಹೆತ್ತ ಮಕ್ಕಳನ್ನು ನೌಫಾಳ ಮಡಿಲಿಗೆ ಹಾಕಿದಳು, ಹಿಟ್ಟು ಹಂಚಿಕೊಂಡಳು, ಒಂದೇ ಒಲೆಯಲ್ಲಿ ಅಡುಗೆ ಮಾಡಿದಳು. ಕಮರಿಯ ಮಾತು ಬಂದರೆ ಮಾತ್ರ "ಅದು ಅಕ್ಕನ ಜಾಗ, ನನಗೇನು ಕೆಲಸ ಅಲ್ಲಿ" ಎಂದು ಎದ್ದು ಹೋಗುತ್ತಿದ್ದಳು. ಡೇರೆ ಹೋಗಿ ಸಿಮೆಂಟಿನ ಮನೆ ಬಂತು. ಮಕ್ಕಳು ದೊಡ್ಡವರಾದರು. ತುರ್ಫಾಳ ಮಂಡಿಗಳು ಊದಿಕೊಂಡವು. ಕರಾಕ್ ಪಟ್ಟಣದ ಡಾಕ್ಟರು ಕೊಟ್ಟ ಮಾತ್ರೆಗಳಿಂದ ಹೊಟ್ಟೆ ಉರಿಯಿತೇ ಹೊರತು ಮಂಡಿ ಮಡಚಲಿಲ್ಲ. ಕಡೆಗೆ ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಗ್ಗೆ, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಅಕ್ಕಾ, ಇವತ್ತು ಕತ್ತೆಗೆ ಬೇರೆ ಕೆಲಸ ಇದೆಯಾ?"

ನೌಫಾಳಿಗೆ ಅರ್ಥವಾಯಿತು. "ಇಲ್ಲ" ಎಂದಳು. ಹೊರಗೆ ಹೋಗಿ ಆಕಾಶ ನೋಡಿದಳು. ತಲೆಯ ಮೇಲೆ ಒಂದು ಚೂರು ಮೋಡವಿರಲಿಲ್ಲ. ಪೂರ್ವದಲ್ಲಿ, ಪ್ರಸ್ಥಭೂಮಿಯ ಅಂಚಿನಾಚೆ, ಬೂದಿ ಬಣ್ಣದ ಒಂದು ಮೋಡ ಕುಳಿತಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, ಕತ್ತೆಗೆ ಜೀನು ಕಟ್ಟಿದಳು.

ಇಳಿಯುವಾಗ ತುರ್ಫಾ ಬಾಯಿ ಮುಚ್ಚಲಿಲ್ಲ. "ಇದೇನು ದಾರಿನಾ, ಮೇಕೆಗಳೂ ಅಳ್ತಾವೆ ಇಲ್ಲಿ." ಮುಂದೆ ಹೋದಂತೆ ಎರಡೂ ಬದಿಯ ಕೆಂಪು ಬಂಡೆಗಳು ಹತ್ತಿರ ಸರಿದು ಆಕಾಶ ಒಂದು ಪಟ್ಟಿಯಷ್ಟಾಯಿತು. ಬಿದ್ದ ದೊಡ್ಡ ಬಂಡೆಯ ಹತ್ತಿರ ಕತ್ತೆಯ ದಾರಿ ಮುಗಿಯುತ್ತದೆ. ನೌಫಾ ಅದನ್ನು ಕಣಗಿಲೆ ಬುಡಕ್ಕೆ ಕಟ್ಟಿ, ಸಾಮಾನು ಬಿಗಿದಿದ್ದ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಅಲ್ಲಿಂದ ತುರ್ಫಾ ಕೂತು ಜಾರುತ್ತ, ನೌಫಾಳ ಹೆಗಲಿಗೆ ಜೋತು ಬೀಳುತ್ತ ಬಂದಳು. ಬೆಚ್ಚಗಿನ ನೀರು ಕಾಲಿಗೆ ಸಿಕ್ಕ ಕೂಡಲೇ ಸುಮ್ಮನಾದಳು.

ಬುಗ್ಗೆಯ ಮಡುವಿನಲ್ಲಿ ಇಬ್ಬರೂ ಬಟ್ಟೆ ಕಳಚಿ ಕೂತರು. ಬಂಡೆಯ ಸಂದಿನಿಂದ ಸುಡುವ ನೀರು ಬಂದು ತೊರೆಯ ತಣ್ಣೀರಿನೊಡನೆ ಸೇರುತ್ತಿತ್ತು. ತುರ್ಫಾ ಕಣ್ಣು ಮುಚ್ಚಿ ನರಳಿದಳು.

"ಇಷ್ಟು ವರ್ಷ ಇದನ್ನ ನೀನೊಬ್ಳೇ ಅನುಭವಿಸಿದ್ಯಲ್ಲ, ದೇವರು ನಿನ್ನ ಕೇಳದೆ ಬಿಡ್ತಾನಾ?"

"ಯಾರು ಬೇಡ ಅಂದಿದ್ರು ನಿನಗೆ?"

"ನಿನ್ನ ಮುಖ ಬೇಡ ಅಂತಿತ್ತು."

ನೌಫಾ ಉತ್ತರ ಕೊಡುವ ಮೊದಲೇ ಗಾಳಿ ಬದಲಾಯಿತು. ಕಮರಿಯ ಮೇಲಿನ ಕಡೆಯಿಂದ ತಣ್ಣಗೆ ಬಂತು, ಒದ್ದೆ ಮಣ್ಣಿನ ವಾಸನೆ ಹೊತ್ತು ಬಂತು. ಅವಳು ತೊರೆಯ ಕಡೆ ನೋಡಿದಳು. ಇಷ್ಟು ಹೊತ್ತು ತಳದ ಕಲ್ಲು ಕಾಣುತ್ತಿದ್ದ ನೀರಿನಲ್ಲಿ ಕಂದು ಬಣ್ಣದ ಒಂದು ಎಳೆ ಹರಿದು ಬರುತ್ತಿತ್ತು. ಒಣ ಎಲೆ, ಮೇಕೆ ಹಿಕ್ಕೆ, ಮುಳ್ಳುಕಡ್ಡಿ ತೇಲುತ್ತಿದ್ದವು.

"ಏಳು, ತುರ್ಫಾ."

"ಈಗಷ್ಟೇ ಮಂಡಿ ಬಿಸಿಯಾಗ್ತಿದೆ..."

"ಏಳು ಅಂದೆ. ಮೇಲೆಲ್ಲೋ ಮಳೆ ಬಿದ್ದಿದೆ, ಹೊಳೆ ಬರ್ತಿದೆ."

ತುರ್ಫಾ ಬಂಡೆ ಹಿಡಿದು ಎದ್ದಳು. ಬಂದ ದಾರಿಯಲ್ಲಿ ಓಡುವುದು ಆಗದ ಮಾತು. ಮಡುವಿನ ಮೇಲೆ ಇಬ್ಬರಾಳೆತ್ತರದಲ್ಲಿ ಒಂದು ಬಂಡೆಯ ಕಟ್ಟೆ ಇತ್ತು. ಹೆಂಗಸರು ಬಟ್ಟೆ ಒಣಗಿಸಲು ಹುಡುಗಿಯರನ್ನು ಹತ್ತಿಸುತ್ತಿದ್ದ ಜಾಗ. ನೌಫಾ ಒದ್ದೆ ಮೈಯಲ್ಲೇ ಹಗ್ಗ ಹಿಡಿದು ನಡೆದಳು.

"ನನ್ನ ಅಂಗಿ," ಎಂದಳು ತುರ್ಫಾ. "ಅಂಗಿ ಇಲ್ಲದೆ ನಾನು ಹತ್ತಲ್ಲ. ಯಾರಾದ್ರೂ ನೋಡಿದ್ರೆ?"

"ಹೆಣ ಆದ್ಮೇಲೆ ಊರೆಲ್ಲ ನೋಡುತ್ತೆ. ಹತ್ತು."

ಆದರೂ ತುರ್ಫಾ ಬಗ್ಗಿ ಒಂದು ನಿಲುವಂಗಿ ಬಾಚಿಕೊಂಡಳು. ಅದು ನೌಫಾಳದೋ ತನ್ನದೋ ನೋಡಲಿಲ್ಲ. ಅಷ್ಟರಲ್ಲಿ ಸದ್ದು ಕೇಳತೊಡಗಿತು. ದೂರದಲ್ಲಿ ಲಾರಿಗಳು ಸಾಲಾಗಿ ಏರು ಹತ್ತುವ ಹಾಗೆ. ಕಾಲ ಕೆಳಗಿನ ಕಲ್ಲು ಸಣ್ಣಗೆ ನಡುಗಿತು.

ನೌಫಾ ಉಗುರು ಕಿತ್ತುಹೋಗುವ ಹಾಗೆ ಬಂಡೆ ಹಿಡಿದು ಮೇಲೆ ಹತ್ತಿ, ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿ ಕೆಳಗೆ ಬಿಟ್ಟಳು. ತುರ್ಫಾ ಅದನ್ನು ಕಂಕುಳಿನ ಕೆಳಗೆ ಕಟ್ಟಿಕೊಂಡಳು. ಅವಳ ಕಾಲು ಮಡಚದು. ಹೆಜ್ಜೆ ಇಡಲು ಸಂದುಗಳಿದ್ದರೂ ಮಂಡಿ ಅಷ್ಟು ಎತ್ತರಕ್ಕೆ ಬರದು. ನೌಫಾ ಎರಡೂ ಪಾದಗಳನ್ನು ಒಂದು ಉಬ್ಬಿಗೆ ಒತ್ತಿ, ಬಾವಿಯಿಂದ ತುಂಬಿದ ಕೊಡ ಎಳೆಯುವಂತೆ ಹಿಂದಕ್ಕೆ ಬಾಗಿದಳು. ತುರ್ಫಾ ಅರ್ಧ ಬಂದಳು. ಅಲ್ಲಿಗೆ ನಿಂತಳು.

"ನನ್ನಿಂದಾಗಲ್ಲ ಅಕ್ಕಾ. ಬಿಟ್ಬಿಡು."

"ಮಡಚು ಮಂಡಿ."

"ಮುರಿಯುತ್ತೆ."

"ಮುರೀಲಿ. ಮಡಚು."

ತಿರುವಿನಲ್ಲಿ ನೀರು ಕಾಣಿಸಿತು. ಅದು ನೀರಿನ ಹಾಗಿರಲಿಲ್ಲ. ಮರ, ಕಲ್ಲು, ಕೆಸರು ಒಟ್ಟಾಗಿ ಎದ್ದು ನಡೆದು ಬರುವ ಗೋಡೆಯ ಹಾಗಿತ್ತು. ತುರ್ಫಾ ಕಿರುಚಿದಳು, ಮಂಡಿ ಮಡಚಿತು, ಒಳಗೆ ಏನೋ ಲಟಕ್ಕೆಂದಿತು. ನೌಫಾ ಅವಳ ಜಡೆಗೆ ಕೈಹಾಕಿ ಎಳೆದು ಕಟ್ಟೆಯ ಮೇಲೆ ಕೆಡವಿದಳು. ಅವರು ಕೂತಿದ್ದ ಮಡು ಕಣ್ಣೆದುರೇ ಮಾಯವಾಯಿತು. ಸಿಡಿದ ಕೆಸರು ಇಬ್ಬರ ಬಾಯಿಗೂ ಬಿತ್ತು.

ನೀರು ಏರುತ್ತಲೇ ಇತ್ತು. ಕಟ್ಟೆಯಿಂದ ಮೇಲೆ ಹೋಗಲು ದಾರಿ ಇಲ್ಲ. ಇಬ್ಬರೂ ಒಂದೇ ನಿಲುವಂಗಿಯನ್ನು ಹೊದ್ದು, ಬೆನ್ನನ್ನು ಬಂಡೆಗೆ ಒತ್ತಿ ನಿಂತರು. ಹಗ್ಗ ಇನ್ನೂ ಇಬ್ಬರ ಮೈಗೂ ಇತ್ತು. ನೀರು ಕಟ್ಟೆಯ ಅಂಚನ್ನು ನೆಕ್ಕುವಾಗ ತುರ್ಫಾ ಕೇಳಿದಳು.

"ಬೆಳಗ್ಗೆ ನೀನು ಆಕಾಶ ನೋಡಿದ್ದು ನಾನು ಕಂಡೆ. ಪೂರ್ವದಲ್ಲಿ ಮೋಡ ಇತ್ತಾ?"

"ಇತ್ತು."

"ಬೇಕಂತಲೇ ಕರಕೊಂಡು ಬಂದ್ಯಾ?"

ನೌಫಾ ಅವಳ ಮುಖ ನೋಡಿದಳು. ತುರ್ಫಾ ನಿಜವಾಗಿಯೂ ಕೇಳುತ್ತಿದ್ದಳು.

"ನಿನ್ನ ಕೊಲ್ಲೋದಿದ್ರೆ ನಾನೂ ನಿನ್ನ ಜೊತೆ ಕಟ್ಕೊಂಡು ನಿಲ್ತಿದ್ನಾ? ದಿನಾ ನಿನ್ನ ಚಹಾ ಮಾಡೋಳು ನಾನೇ ಅಲ್ವಾ."

"ಮತ್ತೆ ಯಾಕೆ ಬಂದೆ?"

"ಇವತ್ತು ಬೇಡ ಅಂದ್ರೆ ನೀನು ಇನ್ಯಾವತ್ತೂ ಕೇಳಲ್ಲ ಅಂತ ಗೊತ್ತಿತ್ತು. ಮೋಡ ದೂರ ಇದೆ ಅಂದ್ಕೊಂಡೆ. ನಂದೇ ತಪ್ಪು."

ತುರ್ಫಾ ನಿಲುವಂಗಿಯ ಅಂಚನ್ನು ನೌಫಾಳ ಹೆಗಲ ಮೇಲೆ ಎಳೆದಳು. ಆಮೇಲೆ, "ಕತ್ತೆ?" ಎಂದಳು.

ನೌಫಾ ಇಲ್ಲವೆಂದು ತಲೆಯಾಡಿಸಿದಳು. ತಾನೇ ಗಂಟು ಹಾಕಿದ್ದು. ಗಟ್ಟಿ ಗಂಟು.

ನೀರು ಕಾಲ್ಬೆರಳು ಮುಟ್ಟಿ, ಅಲ್ಲೇ ನಿಂತು, ಕಡೆಗೆ ಇಳಿಯತೊಡಗಿತು. ಬಿಸಿಲು ಇನ್ನೂ ಮೇಲಿನ ಬಂಡೆಯ ಮೇಲಿರುವಾಗಲೇ ಮೇಲಿಂದ ದನಿ ಕೇಳಿತು. ಹಿರಿಯ ಮಗ ಜದೂಅ. ಹೆತ್ತವಳು ತುರ್ಫಾ, ಬೆಳೆಸಿದವಳು ನೌಫಾ, ಅವನು ಇಬ್ಬರನ್ನೂ ಅಮ್ಮ ಎಂದೇ ಕರೆಯುವುದು.

"ಅಮ್ಮಾ!"

ಇಬ್ಬರಲ್ಲಿ ಯಾರು ಓಗೊಡಬೇಕು? ನೌಫಾ ತುರ್ಫಾಳಿಗಾಗಿ ಕಾದಳು, ತುರ್ಫಾ ನೌಫಾಳಿಗಾಗಿ. ಎರಡನೆಯ ಸಲ ಕೂಗುವಾಗ ಅವನ ದನಿ ಒಡೆಯಿತು.

"ಇಬ್ರೂ ಇದ್ದೀವಿ ಕಣೋ," ಎಂದು ನೌಫಾ ಕೂಗಿದಳು. "ಅಲ್ಲೇ ನಿಲ್ಲು. ಕೆಳಗೆ ನೋಡ್ಬೇಡ. ಬಟ್ಟೆ ಎಸಿ ಮೊದಲು."

ಕತ್ತೆ ಕೆಳಗಿನ ಬಯಲಿನಲ್ಲಿ ಸಿಕ್ಕಿತು, ಕೊರಳಲ್ಲಿ ಹಗ್ಗದ ಜೊತೆಗೆ ಕಣಗಿಲೆಯ ಬುಡವೂ ಇತ್ತು. ನೌಫಾ ತಾನೇ ಕುಳಿ ತೋಡಿ ಹೂಳಿದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ತುರ್ಫಾಳ ಮಂಡಿ ತಿಂಗಳುಗಟ್ಟಲೆ ಕಪ್ಪಾಗಿ ಊದಿತ್ತು. ಆಮೇಲೆ ಒಂದು ಕಾಲು ಮೊದಲಿಗಿಂತ ಚೆನ್ನಾಗಿ ಮಡಚತೊಡಗಿತು, ಇನ್ನೊಂದು ಹಾಳಾಯಿತು. ಮದುವೆ ಮನೆಗಳಲ್ಲಿ ಅವಳು ಆ ದಿನದ ಕಥೆ ಹೇಳುತ್ತಾಳೆ. ಅವಳ ಕಥೆಯಲ್ಲಿ ಒಮ್ಮೊಮ್ಮೆ ಕಟ್ಟೆ ಏರಿ ಹಗ್ಗ ಎಳೆದವಳು ತುರ್ಫಾಳೇ ಆಗಿಬಿಡುತ್ತಾಳೆ. ನೌಫಾ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿರುತ್ತಾಳೆ, ತಿದ್ದುವುದಿಲ್ಲ.

ಹಳೆಯ ಮಡು ಕಲ್ಲಿನಡಿ ಹೋಯಿತು. ಬಿಸಿನೀರು ಸ್ವಲ್ಪ ಕೆಳಗೆ ಬೇರೆ ಸಂದಿನಿಂದ ಹೊರಬಿತ್ತು. ವಸಂತದಲ್ಲಿ ನೌಫಾ ಅದನ್ನು ಹುಡುಕಿ ಕಲ್ಲು ಸರಿಸಿ ಮಡು ಕಟ್ಟಿದಳು. ಹೆಂಗಸರು ಮತ್ತೆ ಬರತೊಡಗಿದರು. ಈಗ ಕಮರಿಯ ಬಾಯಲ್ಲಿ ತುರ್ಫಾ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಪ್ರಸ್ಥಭೂಮಿಯ ಮೇಲಿರುವ ತಂಗಿಗೆ ಫೋನು ಮಾಡಿ, ಆಕಾಶದ ಬಣ್ಣ ಕೇಳದೆ ಯಾರನ್ನೂ ಇಳಿಯಗೊಡುವುದಿಲ್ಲ.

ಕಳೆದ ಶರತ್ಕಾಲದಲ್ಲಿ ದೂರದೂರಿಂದ ಒಂದು ಗುಂಪು ಬಂದಿತ್ತು. ತುರ್ಫಾ ಫೋನು ಕೆಳಗಿಟ್ಟು, "ಇವತ್ತು ಬೇಡ" ಎಂದಳು. ಹೆಂಗಸರು ಗೊಣಗಿದರು. ನೌಫಾ ತಲೆಯೆತ್ತಿ ನೋಡಿದಳು. ಅವಳ ಕಣ್ಣಿಗೆ ಮೋಡವೇ ಕಾಣಲಿಲ್ಲ. ಆದರೂ ಹೊಸ ಕತ್ತೆಯ ಮುಖ ಮನೆಯ ಕಡೆ ತಿರುಗಿಸಿದಳು. ಅವತ್ತು ಹನಿಯೂ ಬೀಳಲಿಲ್ಲ. ಸಂಜೆ ಆ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ತುರ್ಫಾ ಕುಂಟುತ್ತ ಎದ್ದು, ತಾನೇ ಚಹಾ ಕಾಯಿಸಿ, ಸಕ್ಕರೆ ಜಾಸ್ತಿ ಹಾಕಿ, ಮೊದಲ ಲೋಟವನ್ನು ನೌಫಾಳ ಮುಂದಿಟ್ಟಳು.