ಬಂಡಿ ಎಳೆಯುವ ಜಿಂಕೆ

ನನ್ನ ಅತ್ತೆಗೆ ಇಬ್ಬರು ಅಳಿಯಂದಿರು. ಹಿರಿಯವನು ನಾನು, ಸುಟ್ಟುಹೋದ ಬೋರ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯನ್ನು ತೆಲಂಗಾಣದ ಮಕ್ತಲ್‌ನಲ್ಲಿ ಇಟ್ಟುಕೊಂಡಿದ್ದೇನೆ. ಕಿರಿಯವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನದು ಗದ್ವಾಲ್‌ನಲ್ಲಿ ಸೀರೆ ವ್ಯಾಪಾರ. ಅತ್ತೆ ನನಗೆ ಮದುವೆಗೆ ಮೊದಲೂ ಅತ್ತೆಯೇ, ಅಪ್ಪನ ಒಡಹುಟ್ಟಿದ ತಂಗಿ. ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ನನ್ನನ್ನು ನೋಡಿದವಳು. ಹಾಗಾಗಿ ನಾರಾಯಣಪೇಟೆಯ ಆ ಮನೆಯ ಬಾಗಿಲಲ್ಲಿ ನನಗೆ ಸಿಗುವುದು "ಬಂದ್ಯಾ?" ಎಂಬ ಒಂದೇ ಮಾತು. ಷಡ್ಡಕ ಬಂದರೆ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಬರುತ್ತಾಳೆ. "ಬರ್ರಿ, ಬರ್ರಿ. ಬಿಸಲಾಗ ಬಂದ್ರಿ. ಕುಂದರ್ರಿ, ನೀರು ತರ್ತೀನಿ." ಅವಳ ಬಾಯಿಂದ ಆ 'ರಿ' ಒಮ್ಮೆಯೂ ನನ್ನ ಕಡೆಗೆ ಬಂದದ್ದಿಲ್ಲ.

ಕಳೆದ ಸಂಕ್ರಾಂತಿಗೆ ಎಲ್ಲರೂ ಅಲ್ಲಿ ಸೇರಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಉಂಡು ಪಡಸಾಲೆಯಲ್ಲಿ ಒರಗಿದ್ದಾಗ ನನ್ನ ಹೆಂಡತಿಯ ಅಣ್ಣನ ಮಗಳು ಫೋನು ಹಿಡಿದು ನಡುವೆ ಬಂದು ಕೂತಳು. ಕಾಲೇಜು ಹುಡುಗಿ.

"ಮಾಮಾ, ಇದರಾಗ ಒಂದು ಆಟ ಐತಿ. ಹಬ್ಬದಾಗ ನೀವು ಎಂಥಾ ಮನುಷ್ಯಾ ಅಂತ ಹೇಳತೈತಿ. ಕೇಳಿದ್ದಕ್ಕ ಉತ್ತರ ಕೊಟ್ರ ಸಾಕು."

ಅದು ಕ್ರಿಸ್‌ಮಸ್ ಹೊತ್ತಿಗೆ ಯಾರೋ ಮಾಡಿ ಹರಿಬಿಟ್ಟದ್ದು. ಯಾವುದೋ ದೇಶದ ಪ್ರಶ್ನೆಗಳನ್ನು ಮುರುಕು ತೆಲುಗಿಗೆ ತಿರುಗಿಸಿದ್ದರು. ಹುಡುಗಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಮೊದಲ ಸರದಿ ಷಡ್ಡಕನದು. ಅವನು ಆಗ ಯಾವುದೋ ಗಿರಾಕಿಯ ಜೊತೆ ಸೀರೆಯ ಅಂಚಿನ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದ. ಹುಡುಗಿ ಕೇಳಿದಾಗಲೆಲ್ಲ ಪರದೆಯ ಕಡೆ ನೋಡದೆ ಒಂದು ಬೆರಳು, ಎರಡು ಬೆರಳು ಎತ್ತಿ ತೋರಿಸಿದ. ಕೊನೆಗೆ ಕೆಂಪು ಟೊಪ್ಪಿಗೆಯ, ಬಿಳಿ ಗಡ್ಡದ ಕ್ರಿಸ್‌ಮಸ್ ತಾತನ ಚಿತ್ರ ಬಂತು.

"ನೀವು ಕ್ರಿಸ್‌ಮಸ್ ತಾತ. ಮನೆಮಂದಿಯೆಲ್ಲ ನಿಮ್ಮ ದಾರಿ ಕಾಯುತ್ತಾರೆ. ನೀವು ಬಂದ ಮೇಲೆಯೇ ಹಬ್ಬ," ಎಂದು ಹುಡುಗಿ ಓದಿದಳು.

"ಖರೇನ ಐತಿ ನೋಡವಾ," ಅಂದಳು ಅತ್ತೆ. "ಫೋನಿಗೂ ಗೊತ್ತಾಗೈತಿ."

ನಾನು ಸರಿಯಾಗಿ ಎದ್ದು ಕೂತೆ. ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿಸಿದೆ. ಹೊರಗೆ ಹಿಮ ಸುರಿಯುತ್ತಿದ್ದರೆ ಏನು ಮಾಡುತ್ತೀರಿ? ಹಾಡು ಹೇಳುವುದು, ಬೆಂಕಿ ಕಾಯಿಸಿಕೊಳ್ಳುವುದು, ದಾರಿಗೆ ಬಿದ್ದ ಹಿಮ ತೆಗೆಯುವುದು. ಹಿಮವನ್ನು ನಾನು ಫ್ರಿಜ್ಜಿನೊಳಗೆ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಆದರೂ ಯಾರಾದರೊಬ್ಬರು ದಾರಿ ತೆಗೆಯಲೇಬೇಕಲ್ಲ ಎಂದುಕೊಂಡು ಮೂರನೆಯದನ್ನು ಹೇಳಿದೆ. ಹೀಗೇ ಎಲ್ಲಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ.

ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. "ಮಾಮಾ, ನೀವು ತಾತನ ಬಂಡಿ ಎಳಿಯೋ ಜಿಂಕಿ ಅಂತ. ನೀವಿಲ್ಲದ ಹಬ್ಬ ನಡ್ಯಂಗಿಲ್ಲ, ಆದ್ರ ನಿಮ್ಮನ್ನ ಯಾರೂ ನೋಡಂಗಿಲ್ಲ."

"ಜಿಂಕಿ ಎಲ್ಲೆರ ಬಂಡಿ ಎಳಿತಾವೇನು?" ಅತ್ತೆಗೆ ಅನುಮಾನ. "ಎತ್ತು ಅಂತ ಇರಬೇಕು. ಸರಿಯಾಗಿ ಓದವಾ."

ಮನೆಯೆಲ್ಲ ನಕ್ಕಿತು. ಷಡ್ಡಕ ಫೋನು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ನನ್ನ ಬಂಡಿ ನೀವ ಎಳಿಬೇಕಂತ ನೋಡ್ರಿ," ಅಂದ. ನಾನೂ ನಕ್ಕೆ.

ಆ ಆಟವನ್ನು ನನ್ನ ಫೋನಿಗೂ ಕಳಿಸಲು ಹುಡುಗಿಗೆ ಮೆಲ್ಲಗೆ ಹೇಳಿ, ಮಾಳಿಗೆ ಹತ್ತಿ ನೀರಿನ ಟಾಕಿಯ ಹಿಂದೆ ಕೂತೆ. ಈ ಸಲ ಷಡ್ಡಕ ಏನು ಹೇಳಬಹುದೋ ಅದನ್ನೇ ಒತ್ತುತ್ತ ಹೋದೆ. ಹಾಡು ಹೇಳುತ್ತೇನೆ. ಹೊಸ ಅಂಗಿ ಹಾಕುತ್ತೇನೆ. ಊಟಕ್ಕೆ ಎಲ್ಲರಿಗಿಂತ ಮೊದಲು ಕೂಡುತ್ತೇನೆ. ಮತ್ತೆ ಜಿಂಕೆಯೇ ಬಂತು. ಎರಡು ಉತ್ತರ ಬದಲಿಸಿದರೆ ಹಿಮದ ಬೊಂಬೆ. ಸಿಟ್ಟು ಬಂದು ಕಣ್ಣು ಮುಚ್ಚಿ ಸಿಕ್ಕಲ್ಲಿ ಒತ್ತಿದೆ. ಕೆಂಪು ಟೊಪ್ಪಿಗೆ ಬಂತು. ಅಲ್ಲಿಗೆ ಇದೆಲ್ಲ ಬರೀ ಹುಚ್ಚಾಟ ಎಂದು ಯಾರಿಗಾದರೂ ತಿಳಿಯಬೇಕು. ನನಗೂ ತಿಳಿಯಿತು. ಆದರೂ ಪರೀಕ್ಷೆ ಪಾಸಾದವನ ಹಾಗೆ ಮೆಟ್ಟಿಲು ಇಳಿದು ಹೋಗಿ ಹೆಂಡತಿಗೆ ತೋರಿಸಿದೆ.

"ಆತು ಬಿಡ್ರಿ," ಅಂದಳು ಅವಳು, ಫೋನಿನ ಕಡೆ ಸರಿಯಾಗಿ ನೋಡದೆ. "ಟಾಕಿಗೆ ನೀರು ಏರವಲ್ದು. ಜರಾ ಮೋಟಾರ್ ನೋಡ್ರಿ."

ಹಬ್ಬದ ಸಂಜೆ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಳೆಯಿತು. ಅಂಗಳದಲ್ಲಿ ಷಡ್ಡಕ ಕುರ್ಚಿ ಹಾಕಿಕೊಂಡಿದ್ದ. ಅವನ ಚಹಾಕ್ಕೆ ಸಕ್ಕರೆ ಸರಿಯಾಗಿದೆಯೋ ಇಲ್ಲವೋ ಎಂದು ಅತ್ತೆ ನಿಂತು ಕೇಳಿಕೊಂಡು ಹೋದಳು.

ಎಲ್ಲರೂ ದಾರಿ ಕಾಯುತ್ತಾರೆ ಎಂದಿತ್ತಲ್ಲ, ಆ ಮಾತು ಮಾತ್ರ ಊರಿಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ವೈಂಡಿಂಗ್ ಮಾಡುತ್ತ ಕೂತಾಗಲೆಲ್ಲ ನೆನಪಾಗುತ್ತಿತ್ತು. ನನ್ನ ದಾರಿಯನ್ನು ಯಾರೂ ಕಾಯದಿರಲು ಕಾರಣವೇನು? ನಾನು ಯಾವಾಗಲೂ ಮೊದಲೇ ಹೋಗಿರುತ್ತೇನೆ. ತೋರಣ ಕಟ್ಟುವವನೂ ನಾನೇ, ಗ್ಯಾಸ್ ಸಿಲಿಂಡರ್ ಎತ್ತಿಡುವವನೂ ನಾನೇ. ಉಗಾದಿಗೆ ತಡವಾಗಿ ಹೋಗೋಣ, ನೋಡೇಬಿಡೋಣ ಎಂದು ನಿರ್ಧರಿಸಿದೆ.

ಹೆಂಡತಿಯನ್ನು ಹಿಂದಿನ ದಿನವೇ ಕಳಿಸಿದೆ. ಉಗಾದಿಯ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮಕ್ತಲ್ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತೆ. ನಾರಾಯಣಪೇಟೆಯ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಕಂಡಕ್ಟರ್ ಗುರುತಿನವನು, "ಬರಂಗಿಲ್ಲೇನ್ರಿ?" ಎಂದು ಕೂಗಿದ. ಯಾರನ್ನೋ ಕಾಯುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎಲ್ಲಿದ್ದೀಯ ಎಂದು ಅತ್ತೆ ಕೇಳಿದರೆ ಏನು ಹೇಳಬೇಕು ಎಂಬುದನ್ನೂ ಯೋಚಿಸಿಟ್ಟಿದ್ದೆ. ಫೋನು ಬರಲಿಲ್ಲ. ಹಸಿವು ತಾಳಲಾರದೆ ಕೊನೆಗೆ ಸಿಕ್ಕ ಬಸ್ಸು ಹತ್ತಿದೆ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಹೆಂಗಸರೆಲ್ಲ ಉಂಡು ಅಡಿಕೆಲೆ ಹಾಕಿಕೊಂಡು ಕೂತಿದ್ದರು.

"ಬಂದ್ಯಾ?" ಅಂದಳು ಅತ್ತೆ. "ಕೈಕಾಲು ತೊಳಕೋ. ನನಗ ಗುಳಿಗಿ ಇರತಾವಲ್ಲ, ಉಂಡ್ಬಿಟ್ಟೆ. ನೀ ಏನು ಹೊರಗಿನಾವನೇನು, ಯಾವಾಗರ ಬರ್ತೀ. ಆದ್ರ ಇವರು ನೋಡು, ನೀ ಬರೂತನಕ ಎಲಿ ಮುಂದ ಕುಂದ್ರಂಗಿಲ್ಲ ಅಂತ ಹಟ ಹಿಡದಾರ. ಗದ್ವಾಲಿನಿಂದ ಬಂದಾರ, ಹೊಟ್ಟಿ ಹಸದೈತಿ. ಎಂಥಾ ಗುಣಾ!"

ಗೋಡೆಗೆ ಒರಗಿದ್ದ ಷಡ್ಡಕ ಎದ್ದುಬಂದ. ಹಸಿವಿನಿಂದ ಅವನ ಮುಖ ಬಾಡಿದ್ದು ನಿಜವಾಗಿತ್ತು. "ಅಣ್ಣನ್ನ ಬಿಟ್ಟು ಹೆಂಗ ಉಣ್ಣಾಕ ಬರತೈತ್ರಿ," ಅಂದ.

ನನ್ನ ದಾರಿ ಕಾದವನು ಆ ಮನೆಯಲ್ಲಿ ಅವನೊಬ್ಬನೇ. ಅದಕ್ಕೆ ಬಂದ ಹೆಸರೂ ಅವನದೇ. ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಅತ್ತೆ ಹೋಳಿಗೆಗೆ ತುಪ್ಪ ಬಡಿಸಿದಳು, ಮೊದಲು ಅವನಿಗೆ, ಪಾಪ ಕಾದಿದ್ದಾರೆ ಎಂದು. ಅವನು ತನ್ನ ಎಲೆಯಿಂದ ಒಂದು ಹೋಳಿಗೆ ತೆಗೆದು ನನ್ನ ಎಲೆಗೆ ಹಾಕಿದ. ಅವನನ್ನು ಬೈದುಕೊಳ್ಳಲು ಒಂದು ಕಾರಣವನ್ನಾದರೂ ಉಳಿಸಬಾರದೇ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

ಸಂಜೆ ಅವನು ಊರಿಗೆ ಹೊರಟ. ಹೆಂಡತಿಯ ಅಣ್ಣನ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿ ಅವನಿಗೆ ಸೀಟು ಹಿಡಿದೆ. ಅವನು ಕೈ ಬೀಸುತ್ತ ಹೋದ. ಸ್ಕೂಟರ್ ತಿರುಗಿಸುವಾಗ ಫೋನು ಗುಣುಗುಟ್ಟಿತು. ಅತ್ತೆ.

"ಅವರಿಗೆ ಸೀಟು ಸಿಕ್ತೇನೋ?"

"ಸಿಕ್ಕೈತಿ. ಕಿಟಕಿ ಬಾಜೂದ್ದು."

"ಚಲೋ ಆತು," ಅಂದು ಇಟ್ಟುಬಿಟ್ಟಳು.