ಬಿಚ್ಚಲು ಬಾರದ ಫಿಲ್ಟರ್

ಕ್ಯಾಮೆರಾ ಲೆನ್ಸಿನ ಮುಂದೆ ರಕ್ಷಣೆಗೆಂದು ಫಿಲ್ಟರ್ ಎಂಬ ಇನ್ನೊಂದು ಗಾಜು ಹಾಕಬೇಕೇ ಬೇಡವೇ ಎಂಬುದು ಬೆಟಗೇರಿಯಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯನಿಗೂ ನನಗೂ ಹಳೆಯ ಜಗಳ. ಗದಗಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನಾದ್ದರಿಂದ ಬೆಳಕಿನ ವಿಷಯದಲ್ಲಿ ನನ್ನ ಮಾತೇ ಕೊನೆಯದೆಂದು ನಂಬಿದ್ದೆ. ಒಳ್ಳೆಯ ಲೆನ್ಸಿಗೆ ಅಗ್ಗದ ಫಿಲ್ಟರ್ ಹಾಕಿದರೆ ಚಿತ್ರ ಕೆಡುತ್ತದೆ, ಅಷ್ಟೆ. ಅವನ ಭೌತಶಾಸ್ತ್ರ ಬೇರೆ: "ಮದುವ್ಯಾಗ ಅಕ್ಕಿಕಾಳು ಬಂದು ನಿನ್ನ ಪುಸ್ತಕಕ್ಕ ಬಡಿಯಂಗಿಲ್ಲಲೇ, ನನ್ನ ಲೆನ್ಸಿಗೆ ಬಡಿತೈತಿ."

ಕಳೆದ ಸುಗ್ಗಿಯಲ್ಲಿ ಹಿರೇವಡ್ಡಟ್ಟಿಯ ಮದುವೆ ಮುಗಿಸಿ ಇಬ್ಬರೂ ಬೈಕಿನಲ್ಲಿ ಮುಂಡರಗಿಗೆ ಬರುತ್ತಿದ್ದೆವು. ಡಾಂಬರು ರಸ್ತೆಯ ಮೇಲೆ ಹುರುಳಿ ಬಳ್ಳಿ ಹರವಿದ್ದರು. ಹೋಗಿಬರುವ ಗಾಡಿಗಳೇ ಬಿಟ್ಟಿಯಾಗಿ ಒಕ್ಕಿಕೊಡುತ್ತವೆ. ಇಳಿಬಿಸಿಲಲ್ಲಿ ಹೊಟ್ಟು ಹಾರುವ ಚಿತ್ರ ಅವನಿಗೆ ಬೇಕಾಯಿತು. ಕಾವಲಿಗಿದ್ದ ಮುದುಕಿ ತಡೆದಳು. "ಕಣದಾಗ ಬೂಟು ಹಾಕ್ಕೊಂಡು ಕಾಲಿಡಬ್ಯಾಡ್ರಿ, ಪಾಪ ಬರ್ತೈತಿ." ಲಾರಿಗಳಿಗೆ ಆ ಪಾಪ ತಟ್ಟುವುದಿಲ್ಲವೆಂದು ಕಾಣುತ್ತದೆ. ಅವನು ಬೂಟು ಕಳಚಿ, ಬಳ್ಳಿಯ ನಡುವೆ ಸೂರ್ಯನಿಗೆ ಎದುರಾಗಿ ಮಂಡಿಯೂರಿದ.

"ಎರಡೆರಡು ಸೂರ್ಯ ಕಾಣಾಕತ್ತಾವಲೇ," ಎಂದ.

"ಒಂದು ದೇವರದು, ಒಂದು ನಿನ್ನ ಫಿಲ್ಟರಿಂದು. ತಗಿ ಅದನ್ನ," ಎಂದು ರಸ್ತೆಯಂಚಿನಿಂದ ಅಪ್ಪಣೆ ಕೊಟ್ಟೆ.

ತಿರುವಿದ. ಧೂಳು ಕೂತು ಫಿಲ್ಟರಿನ ತಿರುಪು ಬಿಗಿದಿತ್ತು. "ಬರವಲ್ದು. ನಿನ್ನ ಕರವಸ್ತ್ರ ಕೊಡು," ಎಂದು ಬೈಯುತ್ತ ಎದ್ದು ನನ್ನ ಕಡೆಗೆ ಬಂದ.

ಅವನ ಬೆನ್ನ ಹಿಂದಿನಿಂದ ಬಂದ ಟೆಂಪೊ ಬ್ರೇಕು ಹಾಕಿತು. ಒಣ ಬಳ್ಳಿಯ ಮೇಲೆ ಗಾಲಿ ನಿಲ್ಲಲಿಲ್ಲ. ಅಡ್ಡಡ್ಡ ಜಾರಿ, ಅವನ ಮಂಡಿಯೊತ್ತಿ ತಗ್ಗಾಗಿದ್ದ ಜಾಗದ ಮೇಲೆಯೇ ಹಾದು ಆಚೆ ನಿಂತಿತು. ಹಾರ್ನ್ ಬಾರಿಸಿದ್ದು ಆಮೇಲೆ.

ಚಾಲಕ ಇಳಿದು ಮುದುಕಿಯನ್ನು ಬೈದ. "ಕಾಳೆಲ್ಲ ಗಟಾರಕ್ಕ ಹಾಕಿದಿ, ಮತ್ತ ಬಾಯಿ ಬ್ಯಾರೆ ಮಾಡ್ತಿ," ಎಂದಳು ಮುದುಕಿ. ಗೆಳೆಯ ಮಾತ್ರ ಬರಿಗಾಲಲ್ಲಿ ನಿಂತು ಫಿಲ್ಟರ್ ಒರೆಸುತ್ತಿದ್ದ. "ನೋಡಿದಿ? ಇದು ಕಾಯತೈತಿ ಅಂತ ಹೇಳಿದ್ದಿಲ್ಲ?"

ಕಾಯ್ದದ್ದು ಗಾಜಲ್ಲ, ಜಾಮಾದ ತಿರುಪು ಎಂದು ತಿದ್ದಬೇಕೆನಿಸಿತು. ಆದರೆ ನನ್ನ ಮಾತಿನಂತೆ ಅದು ಸಲೀಸಾಗಿ ಬಿಚ್ಚಿದ್ದರೆ ಅವನು ಅಲ್ಲೇ ಕೂತಿರುತ್ತಿದ್ದ. ಈಗಲೂ, ಹಲ್ಲುಜ್ಜುವಾಗ ಕೂಡ, ನನ್ನ ತಲೆಯೊಳಗೆ ಆ ಫಿಲ್ಟರ್ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಮೊನ್ನೆ ಲಕ್ಷ್ಮೇಶ್ವರದ ರಸ್ತೆಯಲ್ಲಿ ಅವನು ಕ್ಯಾಮೆರಾ ಎತ್ತಿದಾಗ ಹಿಂದಿನಿಂದ ಅವನ ಬೆಲ್ಟು ಹಿಡಿದುಕೊಂಡೆ.

"ಬಿಡಲೇ, ಅಳಗಾಡ್ತೈತಿ."

ಬಿಡಲಿಲ್ಲ. ಚಿತ್ರ ಮಸುಕಾಗಿ ಬಂತು. ಈ ಸಲ ಫಿಲ್ಟರನ್ನು ದೂರುವಂತಿಲ್ಲ.