ಪಕ್ಕದ ಮನೆಗೆ ಹೋಗಿ ಬಂದ ಚೀಲ

ಗೆಳೆಯರೇ, ನನ್ನ ಮುದ್ದು ತಂಗಿ ಮೈಸೂರಿನ ಎರಡು ತಿಂಗಳ ಬೇಸಿಗೆ ನಾಟಕ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ! ಹೊರಡುವುದು ನಾಳೆ, ಶುಕ್ರವಾರ. ಅಂದು ಮನೆಮಗಳನ್ನು ಕಳಿಸಬಾರದಲ್ಲ, ಅದಕ್ಕೇ ಇಂದೇ ಹೊರಟಂತಾಗಲಿ ಎಂದು ಅವ್ವ ಅವಳ ಚೀಲವನ್ನು ಪಕ್ಕದ ಮನೆಯಲ್ಲಿ ಇಡಿಸಿದ್ದಳು. ನನ್ನ ಮದುವೆಯಾಗಿ ತಿಂಗಳಾಗಿದೆ; ತಂಗಿಯನ್ನು ನೋಡಲೆಂದು ಗಂಡನ ಮನೆಯಿಂದ ತವರೂರು ಬೆಟಗೇರಿಗೆ ಓಡಿಬಂದ ನನಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವಳಿಗೆಂದು ತಂದ ಹೊಸ ಚೂಡಿದಾರ್ ತುಂಬಲು ಚೀಲವನ್ನು ಕುಣಿಯುತ್ತಾ ಮನೆಗೆ ತಂದೆ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. “ಹೊರಟ ಚೀಲಾ ತಿರಗಿ ಯಾಕ ತಂದಿ? ಅದನ್ನ ಕಳಿಸಿ, ಅತ್ತು ಮುಗಿಸಿದ್ನಿ. ಈಗ ಮತ್ತ ಮೊದ್ಲಿಂದ ಅಳಬೇಕು.”

“ನನ್ನ ಕಳಿಸಿದಾಗೂ ಹಿಂಗ ಅತ್ತಿದ್ದಿ ಏನವ್ವಾ?”

“ನಿಂದಿನ್ನೂ ಮುಗದಿಲ್ಲ ತಗಿ.”

ತಂಗಿಗಾದರೆ ಮರಳುವ ದಿನವಿದೆ: ಜೂನ್ ಎರಡನೇ ಭಾನುವಾರ, ಹಂಪಿ ಎಕ್ಸ್‌ಪ್ರೆಸ್.